ಬಾಗಿಲು ಹೋದ ಮೇಲೆ ಉಳಿದ ಕಲ್ಲು

ತುಮಕೂರಿನಲ್ಲಿ ಆಟೊ ಹತ್ತಿ ‘ಕೋಟೆ ಆಂಜನೇಯ’ ಎಂದರೆ ಸಾಕು, ಬೇರೆ ಗುರುತು ಹೇಳಬೇಕಿಲ್ಲ. ಇಳಿದ ಮೇಲೆ ‘ಕೋಟೆ ಎಲ್ಲಪ್ಪಾ?’ ಎಂದು ಕೇಳಿ ನೋಡಿ, ಆಟೊದವನು ನಿಮ್ಮ ಮುಖವನ್ನೇ ನೋಡುತ್ತಾನೆ. ಹಳೇ ಮೈಸೂರಿನ ಊರುಗಳಲ್ಲಿ ಕೋಟೆ ಬಾಗಿಲಿಗೆ ಆಂಜನೇಯನದೇ ಕಾವಲು. ಬಾಗಿಲು ಹೋಗುತ್ತದೆ, ಗೋಡೆ ಹೋಗುತ್ತದೆ, ಕಾವಲಿನವನು ಮಾತ್ರ ವರ್ಷ ವರ್ಷ ಹೊಸ ಬಣ್ಣ ಬಳಿಸಿಕೊಂಡು ಅಲ್ಲೇ ನಿಂತಿರುತ್ತಾನೆ. ಎಲ್ಲಿ ಹಳೆಯ ಆಂಜನೇಯನೋ ಅಲ್ಲಿ ಒಂದು ಹೆಬ್ಬಾಗಿಲು ಇದ್ದಿರಬಹುದು ಎಂದು ನಾನು ಲೆಕ್ಕ ಹಾಕುವುದುಂಟು, ತಪ್ಪಿದ್ದು ಕಡಿಮೆ.

ಗುಬ್ಬಿ ಕಡೆಗೂ ಇದೇ ಕಥೆ. ತಾಲ್ಲೂಕಿನ ಒಂದು ಮಗ್ಗುಲು ಹಾಗಲವಾಡಿ ಪಾಳೇಗಾರರ ಸೀಮೆ. ಎಂ.ಎನ್. ಕೋಟೆ ಎಂಬ ಹೆಸರು ಬಸ್ಸಿನ ಬೋರ್ಡಿನ ಮೇಲೆ ದಿನಾ ಓಡಾಡುತ್ತದೆ. ಬಯಲುಸೀಮೆಯ ಊರುಕೋಟೆಗಳಲ್ಲಿ ಬಹಳಷ್ಟು ಮಣ್ಣಿನವು. ಬುಡಕ್ಕೆ, ಬಾಗಿಲಿಗೆ ಮಾತ್ರ ಕಲ್ಲು. ದಂಡು ಬರುವ ಭಯ ಹೋದ ಮೇಲೆ ಮಣ್ಣು ಮಳೆಗೆ ಕರಗಿತು, ಕಲ್ಲು ಮನೆಯ ತಳಪಾಯ ಸೇರಿತು, ಬಾವಿಯ ಕಟ್ಟೆಯಾಯಿತು. ಇದನ್ನು ಕಳ್ಳತನ ಎನ್ನಲು ನನಗೆ ಮನಸ್ಸಿಲ್ಲ. ಊರಿನ ಕಲ್ಲು ಊರಿಗೇ ಆಯಿತು.

ಕುಣಿಗಲ್ ಎಂದರೆ ಜನಕ್ಕೆ ಹಾಡಿನ ಕೆರೆ ನೆನಪಾಗುತ್ತದೆ, ಇಲ್ಲವೆ ಟಿಪ್ಪು ಕಾಲದಿಂದ ದಂಡಿಗೆ ಕುದುರೆ ಬೆಳೆಸಿದ, 400 ಎಕರೆಗೂ ಮಿಕ್ಕ ಕುದುರೆ ಫಾರಂ. ಆದರೆ ಗೋಡೆ ಹುಡುಕಿ ಹೊರಟವರು ಮಾಗಡಿ ದಾರಿ ಹಿಡಿದು ಹುತ್ರಿದುರ್ಗಕ್ಕೇ ಹೋಗಬೇಕು. ಸುತ್ತಿನವರ ಬಾಯಲ್ಲಿ ಅದು ಉತ್ರಿ ಬೆಟ್ಟ. ಕೆಂಪೇಗೌಡರ ಹೆಸರಿನ ಕೋಟೆ, ಆಮೇಲೆ ಮೈಸೂರಿನವರು ಬಲಪಡಿಸಿದ್ದು. ಏಳು ಸುತ್ತಿನ ಕೋಟೆ ಎನ್ನುತ್ತಾರೆ; ತುದಿಯಲ್ಲಿ ಶಂಕರೇಶ್ವರನ ಗುಡಿ. ಎತ್ತರ ಸಮುದ್ರಮಟ್ಟದಿಂದ ಸುಮಾರು 1,130 ಮೀಟರ್. 1791ರ ಡಿಸೆಂಬರ್ 21ರಂದು ಸಾವನದುರ್ಗ ಕಾರ್ನ್‌ವಾಲಿಸನ ಸೈನ್ಯದ ಕೈಸೇರಿತು, ಅದಾಗಿ ಕೆಲವೇ ದಿನಕ್ಕೆ ಹುತ್ರಿದುರ್ಗವೂ ಬಿತ್ತು. ‘ಹುತ್ರಿ’ ಎನ್ನಲು ನಾಲಿಗೆ ಹೊರಳದ ಕಂಪನಿಯವರು ‘ಊಟ್ರಾದ್ರೂಗ್’ ಎಂದು ಬರೆದುಕೊಂಡರು.

ಇಂಥ ದುರ್ಗದ ಗೋಡೆಗೆ ಗಾರೆಗಿಂತ ತೂಕವೇ ಆಧಾರ. ದೊಡ್ಡ ಗುಂಡುಗಳನ್ನು ಬಂಡೆಯ ಮೇಲೆ ಕೂರಿಸಿ, ಸಂದಿಗೆ ಚಕ್ಕೆ ಕಲ್ಲು ಬಡಿದು, ಮೇಲಕ್ಕೆ ಹೋದಂತೆ ಗೋಡೆಯನ್ನು ಒಳಕ್ಕೆ ವಾಲಿಸುತ್ತಾರೆ. ಕಲ್ಲು ಎಲ್ಲಿಂದ ಬಂತೆಂದು ದೂರ ಹುಡುಕುವ ಕೆಲಸವಿಲ್ಲ. ಇಂಥ ಬೆಟ್ಟಗಳಲ್ಲಿ ಕಾಲಡಿಯ ಬಂಡೆ ನೋಡುತ್ತ ನಡೆದರೆ ಸಾಲಾಗಿ ಉಳಿಗುಳಿಗಳು ಸಿಗುತ್ತವೆ. ಆ ಗುಳಿಗಳಿಗೆ ಬೆಣೆ ಹೊಡೆದು ಕಲ್ಲು ಸೀಳಿ ಅಲ್ಲಲ್ಲೇ ಏರಿಸಿದ್ದು. ಅರ್ಧಕ್ಕೆ ಬಿಟ್ಟ ಸಾಲುಗಳೂ ಕಾಣುತ್ತವೆ. ಕಲ್ಲುಕುಟಿಗ ಮಧ್ಯಾಹ್ನದ ಮುದ್ದೆಗೆ ಎದ್ದು ಹೋದವನು ತಿರುಗಿ ಬರಲಿಲ್ಲವೇನೋ ಅನ್ನಿಸುತ್ತದೆ. ಬಾಗಿಲಲ್ಲಿ ನಿಂತರೆ ಇನ್ನೂ ಹೆಚ್ಚು ಓದಬಹುದು. ಮರದ ಕದ ಎಂದೋ ಹೋಗಿರುತ್ತದೆ. ಕದ ತಿರುಗುತ್ತಿದ್ದ ಗುಣಿ ಹೊಸ್ತಿಲಲ್ಲಿ ಒಂದು, ಮೇಲಿನ ತೊಲೆಗಲ್ಲಿನಲ್ಲಿ ಒಂದು. ಎರಡೂ ಕಡೆಯ ಕಂಬದಲ್ಲಿ ಅಗುಳಿ ತೂರಿಸುವ ತೂತು. ಒಂದು ಕಡೆ ಆಳ, ಇನ್ನೊಂದು ಕಡೆ ಗಿಡ್ಡ. ಹಗಲು ಅಗುಳಿಯ ಮರ ಗೋಡೆಯೊಳಗೇ ಮಲಗಿರುತ್ತಿತ್ತು, ರಾತ್ರಿ ಹೊರಗೆಳೆದು ಎದುರಿನ ತೂತಿಗೆ ಸೇರಿಸುತ್ತಿದ್ದರು.

ಇದನ್ನೆಲ್ಲ ಕಾಯುವ ಕಾನೂನು ಓದಿದರೆ ಒಂದು ತಮಾಷೆ. 1958ರ ಕೇಂದ್ರ ಕಾಯ್ದೆಯಲ್ಲಿ 100 ವರ್ಷಕ್ಕೆ ಕಡಿಮೆಯಿಲ್ಲದ, ಚರಿತ್ರೆಯ ಬೆಲೆಯುಳ್ಳ ಯಾವ ಕಟ್ಟಡವೂ ಪುರಾತನ ಸ್ಮಾರಕವೇ. ಅದಕ್ಕೆ ಬೇಲಿ ಹಾಕಲು ಬೇಕಾದ ಪಕ್ಕದ ನೆಲವೂ, ಅಲ್ಲಿಗೆ ಹೋಗುವ ದಾರಿಯೂ ಆ ಅರ್ಥದಲ್ಲಿ ಸೇರಿವೆ. ಅಂದರೆ ಕಾನೂನಿನ ಮನಸ್ಸಿನಲ್ಲಿ ಸ್ಮಾರಕ ಒಳಗೆ, ಬೇಲಿ ಹೊರಗೆ. ಬೇಲಿಯೇ ಸ್ಮಾರಕವಾದರೆ? ಪಟ್ಟಿಗೆ ಸೇರಿದ ಗೋಡೆಗೆ ರಕ್ಷಣೆಯುಂಟು. ನಮ್ಮ ಜಿಲ್ಲೆಯ ಮಧುಗಿರಿ ಕೋಟೆ ಕೇಂದ್ರದ ಪಟ್ಟಿಯಲ್ಲಿದೆ. 2010ರ ತಿದ್ದುಪಡಿಯಂತೆ ಅಂಥ ಸ್ಮಾರಕದಿಂದ 100 ಮೀಟರ್ ಒಳಗೆ ಹೊಸ ಕಟ್ಟಡ ಏಳುವಂತಿಲ್ಲ, ಅದರಾಚೆಯ 200 ಮೀಟರಿಗೆ ಅನುಮತಿ ಬೇಕು. ಪಟ್ಟಿಯಲ್ಲಿ ಇಲ್ಲದ್ದು ಬರೀ ಕಲ್ಲು. ಇಂಗ್ಲೆಂಡಿನಲ್ಲಿ ಲೆಕ್ಕ ಬೇರೆ: ಪಟ್ಟಿಗೆ ಸೇರಿದ ಮನೆಯ ಆವರಣದಲ್ಲಿ 1948ರ ಜುಲೈ 1ಕ್ಕೆ ಮುಂಚಿನಿಂದ ಇರುವ ಗೋಡೆ, ಗೇಟಿನ ಕಂಬ ಎಲ್ಲಕ್ಕೂ ಮನೆಯ ಜೊತೆಗೇ ರಕ್ಷಣೆ. ನಮ್ಮಲ್ಲೂ ಗುಡಿಯನ್ನು ಪಟ್ಟಿ ಮಾಡುವವರು ಅದರ ಪೌಳಿಯನ್ನೂ ಊರುಬಾಗಿಲನ್ನೂ ಹೆಸರಿಟ್ಟು ಬರೆದುಕೊಂಡರೆ ಖರ್ಚೇನೂ ಬೀಳುವುದಿಲ್ಲ.

ಗೋಡೆಗಿಂತ ಬೇಗ ಹೋಗುವುದು ಹೊಲದ ಕಲ್ಲುಕೂಚ. ಎದೆಮಟ್ಟದ ಎರಡು ಕಲ್ಲು ನೆಟ್ಟು, ಸಮನಾಗಿ ತೂತು ಕೊರೆದು, ಅಡ್ಡಕ್ಕೆ ಗಳ ತೂರಿಸಿದರೆ ತೋಟಕ್ಕೆ ಗೇಟಾಯಿತು. ಮಲೆನಾಡಿನವರು ಇಂಥದ್ದಕ್ಕೆ ಉಣುಗೋಲು ಎನ್ನುತ್ತಾರೆ. ದುರ್ಗದ ಅಗುಳಿಗೂ ಇದಕ್ಕೂ ಉಪಾಯ ಒಂದೇ, ಅಳತೆ ಬೇರೆ. ಈಗ ಕಬ್ಬಿಣದ ಗೇಟು ಕೂರಿಸುವಾಗ ಕೂಚವನ್ನು ಕಿತ್ತು ಬದುವಿಗೆ ಒರಗಿಸುತ್ತಾರೆ. ಹಾಗೆ ಒರಗಿದ್ದು ಕಂಡರೆ ತೂತಿನ ಒಳಬದಿಗೆ ಬೆರಳಾಡಿಸಿ ನೋಡಿ. ಹೊರಮೈ ಉಳಿಯ ಏಟಿಗೆ ಒರಟಾಗಿಯೇ ಇರುತ್ತದೆ. ಒಳಗೆ, ಗಳ ಎಳೆದು ಎಳೆದು, ಒಳಕಲ್ಲಿನಷ್ಟು ನುಣುಪು.