ಲಿನಕ್ಸ್‌ನಲ್ಲಿ ಬಹುಮಾಧ್ಯಮ: ಧ್ವನಿ ವ್ಯವಸ್ಥೆಯ ಇತಿಹಾಸ

ಲಿನಸ್ ಟೊರ್ವಾಲ್ಡ್ಸ್ 1991ರಲ್ಲಿ ಹೊರತಂದ ಲಿನಕ್ಸ್ ಕರ್ನೆಲ್‌ಗೆ, ಅಂದರೆ ಯಂತ್ರಾಂಶವನ್ನು ನೇರವಾಗಿ ನಿಯಂತ್ರಿಸುವ ಕಾರ್ಯಾಚರಣಾ ವ್ಯವಸ್ಥೆಯ ತಿರುಳಿಗೆ, ಧ್ವನಿ ಹೊರಡಿಸುವ ಶಕ್ತಿ ಮೊದಲಿಗೆ ಇರಲಿಲ್ಲ. 1992ರಲ್ಲಿ ಹನ್ನು ಸವೊಲೈನೆನ್ ಸೌಂಡ್ ಬ್ಲಾಸ್ಟರ್ ಎಂಬ ಧ್ವನಿ ಕಾರ್ಡಿಗಾಗಿ ಬರೆದ ಚಾಲಕ ತಂತ್ರಾಂಶವೇ ಬೆಳೆದು ಓಪನ್ ಸೌಂಡ್ ಸಿಸ್ಟಮ್ ಎನಿಸಿತು. ಅದರ ಬಳಕೆ ಸರಳವಾಗಿತ್ತಾದರೂ, ಧ್ವನಿಗಳನ್ನು ತಾನೇ ಬೆರೆಸಬಲ್ಲ ಕಾರ್ಡು ಇಲ್ಲದಿದ್ದರೆ ಒಂದು ಸಲಕ್ಕೆ ಒಂದೇ ತಂತ್ರಾಂಶಕ್ಕೆ ಧ್ವನಿ ದಕ್ಕುತ್ತಿತ್ತು; ಹಾಡು ನುಡಿಯುತ್ತಿರುವಾಗ ಬೇರೊಂದು ತಂತ್ರಾಂಶ ಮೂಕವಾಗಿರಬೇಕಿತ್ತು. ಮುಂದಿನ ಮೂರು ದಶಕಗಳ ಪ್ರಯತ್ನಗಳಲ್ಲಿ ಹೆಚ್ಚಿನವು ಈ ಹಂಚಿಕೆಯ ಸಮಸ್ಯೆಯನ್ನೇ ಸುತ್ತುತ್ತವೆ.

ಯಾರೊಸ್ಲಾವ್ ಕಿಸೆಲಾ 1998ರಲ್ಲಿ ಆರಂಭಿಸಿದ ಆಲ್ಸಾ, 2003ರ ಡಿಸೆಂಬರಿನಲ್ಲಿ ಬಂದ ಕರ್ನೆಲ್ 2.6ರ ಹೊತ್ತಿಗೆ ಅಧಿಕೃತ ಧ್ವನಿ ವ್ಯವಸ್ಥೆಯಾಗಿ, ಹಲವು ಧ್ವನಿಗಳನ್ನು ತಂತ್ರಾಂಶದಲ್ಲೇ ಬೆರೆಸುವ ಅನುಕೂಲವನ್ನೂ ಒದಗಿಸಿತು. ಅದರ ಮೇಲೆ ಕೆಲಸ ಮಾಡುವಂತೆ ಲೆನಾರ್ಟ್ ಪೋಟ್ಟರಿಂಗ್ ರೂಪಿಸಿದ ಪಲ್ಸ್‌ಆಡಿಯೊ ಒಂದು ಧ್ವನಿ ಸರ್ವರ್, ಎಂದರೆ ಎಲ್ಲ ತಂತ್ರಾಂಶಗಳ ಧ್ವನಿಯನ್ನು ತನ್ನಲ್ಲಿಗೆ ತರಿಸಿಕೊಂಡು ಬೆರೆಸಿ ಕಾರ್ಡಿಗೆ ಒಪ್ಪಿಸುವ ಮಧ್ಯವರ್ತಿ. 2007ರಲ್ಲಿ ಲಿನಕ್ಸ್ ವಿತರಣೆಗಳಲ್ಲೊಂದಾದ ಫೆಡೋರಾದ 8ನೇ ಆವೃತ್ತಿ ಇದನ್ನು ಪೂರ್ವನಿಯೋಜಿತವಾಗಿ ಅಳವಡಿಸಿಕೊಂಡಾಗ ಬಳಕೆದಾರರಿಂದ ದೂರುಗಳ ಮಳೆಯೇ ಸುರಿಯಿತು. ಆ ತೊಡಕುಗಳಲ್ಲಿ ಅನೇಕವು ಚಾಲಕ ತಂತ್ರಾಂಶಗಳಲ್ಲಿ ಮೊದಲೇ ಅಡಗಿದ್ದ ದೋಷಗಳಾಗಿದ್ದು, ಪಲ್ಸ್‌ಆಡಿಯೊ ಅವನ್ನು ಬಯಲಿಗೆ ತಂದಿತೆಂಬುದನ್ನು ನೆನೆದರೆ ಅದಕ್ಕೆ ಅಂಟಿದ ಅಪಕೀರ್ತಿ ಅದರ ಪಾಲಿಗೆ ಸಲ್ಲಬೇಕಾದುದಕ್ಕಿಂತ ಹೆಚ್ಚೆನ್ನಬೇಕು.

ಇತ್ತ ಸಂಗೀತಗಾರರಿಗೆ ಬೇಕಾದುದು ಬೇರೆ. ತಂತಿ ಮೀಟಿದ ಕ್ಷಣಕ್ಕೂ ನಾದ ಕೇಳಿಸುವ ಕ್ಷಣಕ್ಕೂ ನಡುವಿನ ವಿಳಂಬ ಕೆಲವೇ ಮಿಲಿಸೆಕೆಂಡುಗಳಷ್ಟಿರಬೇಕೆಂಬ ಅವರ ಅಗತ್ಯವನ್ನು ಪಾಲ್ ಡೇವಿಸ್ ರಚಿಸಿದ ಜ್ಯಾಕ್ ಎಂಬ ಇನ್ನೊಂದು ಧ್ವನಿ ಸರ್ವರ್ ಪೂರೈಸಿತು. ಆದರೆ ಎರಡು ಸರ್ವರ್‌ಗಳು ಒಂದೇ ಕಾರ್ಡಿಗಾಗಿ ಪೈಪೋಟಿಗಿಳಿದುದರಿಂದ ಹಳೆಯ ಸಮಸ್ಯೆ ಹೊಸ ವೇಷದಲ್ಲಿ ಮರಳಿತು.

ಇದಕ್ಕೆ ನಿಜವಾದ ಪರಿಹಾರ ದೃಶ್ಯದ ಕಡೆಯಿಂದ ಬಂದುದು ಗಮನಾರ್ಹ. ಜಿಸ್ಟ್ರೀಮರ್ ಬಹುಮಾಧ್ಯಮ ಚೌಕಟ್ಟಿನ ನಿರ್ಮಾತೃಗಳಲ್ಲೊಬ್ಬರಾದ ವಿಮ್ ಟೇಮನ್ಸ್, ಕ್ಯಾಮೆರಾ ಮತ್ತು ಪರದೆಯ ಚಿತ್ರವನ್ನು ಹಲವು ತಂತ್ರಾಂಶಗಳು ಸುರಕ್ಷಿತವಾಗಿ ಹಂಚಿಕೊಳ್ಳಲೆಂದು ಕೈಗೊಂಡ ಪೈಪ್‌ವೈರ್ ಮುಂದೆ ಧ್ವನಿಯನ್ನೂ ವಹಿಸಿಕೊಂಡಿತು. ಪಲ್ಸ್‌ಆಡಿಯೊಗಾಗಲಿ ಜ್ಯಾಕ್‌ಗಾಗಲಿ ಬರೆದ ತಂತ್ರಾಂಶಗಳು ಬದಲಾವಣೆಯಿಲ್ಲದೆ ಅದರಲ್ಲಿ ನಡೆಯುತ್ತವೆ; ಹಳೆಯದನ್ನು ಕೆಡವದೆ ಹೊಸದನ್ನು ಕಟ್ಟಿದ ಈ ವಿವೇಕವೇ ಅದರ ಯಶಸ್ಸಿನ ಗುಟ್ಟು. 2021ರಲ್ಲಿ ಫೆಡೋರಾ 34 ಇದನ್ನು ತನ್ನ ಮುಖ್ಯ ಧ್ವನಿ ವ್ಯವಸ್ಥೆಯಾಗಿಸಿತು. 2023ರ ನವೆಂಬರಿನಲ್ಲಿ ಪೈಪ್‌ವೈರ್‌ನ 1.0 ಆವೃತ್ತಿ ಬಿಡುಗಡೆಯಾಯಿತು.