ನಮ್ಮನೆ ಟೇಬಲ್ ಮೇಲಿರೋ ಸಿಎನ್‌ಸಿ ಎಲ್ಲಿಂದ ಬಂತು?

(1/4)
ಹೋದ ವಾರದ ರೀಲ್‌ನಲ್ಲಿ ಹಲಗೆ ಮೇಲೆ ತಾನಾಗೇ ಅಕ್ಷರ ಕೆತ್ತುತ್ತಿದ್ದ ಮಷೀನ್ ನೋಡಿ ಸುಮಾರು ಜನ ಕೇಳಿದ್ರಿ, "ಬಿಕಾಂ ಓದೋನಿಗೆ ಇದೆಲ್ಲ ಯಾಕೋ?" ಅಂತ. ಉತ್ತರ ಉದ್ದ ಇದೆ, ಅದಕ್ಕೇ ನಾಲ್ಕು ಪೋಸ್ಟ್. ಸದ್ಯಕ್ಕೆ ಇಷ್ಟು ತಿಳ್ಕೊಳ್ಳಿ: ಈ ಜಾತಿಯ ಮಷೀನಿನ ಮೊದಮೊದಲ ಲೆಕ್ಕ ನಡೆದದ್ದು ಆಫೀಸಿನ ಲೆಕ್ಕಪತ್ರಕ್ಕೆ ಬಳಸೋ ಯಂತ್ರದಲ್ಲಿ. ನಮ್ಮ ಡಿಪಾರ್ಟ್‌ಮೆಂಟ್ ಅದು!

1940ರ ದಶಕ. ಅಮೆರಿಕದ ಮಿಷಿಗನ್ ರಾಜ್ಯದ ಟ್ರಾವರ್ಸ್ ಸಿಟಿ ಅನ್ನೋ ಊರಲ್ಲಿ ಜಾನ್ ಪಾರ್ಸನ್ಸ್ ಎಂಬಾತ ಸಿಕೋರ್ಸ್ಕಿ ಕಂಪನಿಯ ಹೆಲಿಕಾಪ್ಟರ್‌ಗಳಿಗೆ ಮೇಲೆ ತಿರುಗೋ ರೆಕ್ಕೆ ಮಾಡಿಕೊಡುವ ಕೆಲಸ ಹಿಡಿದಿದ್ದ. ರೆಕ್ಕೆಯ ಬಾಗು ಎಷ್ಟಿರಬೇಕು ಅನ್ನೋದಕ್ಕೆ ಅವನಿಗೆ ಸಿಗುತ್ತಿದ್ದದ್ದು ಬರೀ 17 ಬಿಂದುಗಳು. ನಡುವಿನ ಗೆರೆಯನ್ನು ಕೆಲಸಗಾರರೇ ಕೈಯಲ್ಲಿ ಎಳೆದು ಸೇರಿಸಬೇಕು. ಕೈ ಬದಲಾದರೆ ಗೆರೆಯೂ ಬದಲಾಗುತ್ತೆ. ರಂಗೋಲಿ ಹಾಕುವವರಿಗೆ ಬಿಡಿಸಿ ಹೇಳಬೇಕಿಲ್ಲ.

1946ರಲ್ಲಿ ಫ್ರಾಂಕ್ ಸ್ಟುಲೆನ್ ಎಂಬ ಎಂಜಿನಿಯರ್ ಅವನ ಜೊತೆ ಸೇರಿಕೊಂಡ. ಐಬಿಎಂನ ಪಂಚ್ ಕಾರ್ಡ್ ಯಂತ್ರಗಳು ಆಗ ಆಫೀಸುಗಳಲ್ಲಿ ಸಂಬಳ, ಬಿಲ್ಲು ಅಂತ ಲೆಕ್ಕ ಹಾಕುತ್ತಿದ್ದವು. ಇವರು ಅಂಥದ್ದೇ ಯಂತ್ರಕ್ಕೆ ರೆಕ್ಕೆಯ ಲೆಕ್ಕ ಕೊಟ್ಟರು. 17 ಇದ್ದ ಬಿಂದುಗಳು 200 ಆದವು. ಆಮೇಲೆ ಮಿಲ್ಲಿಂಗ್ ಮಷೀನಿನ ಹತ್ತಿರ ಮೂರು ಜನ ನಿಲ್ಲೋರು: ಒಬ್ಬ ಪಟ್ಟಿ ನೋಡಿ ನಂಬರ್ ಕೂಗೋದು, ಇನ್ನೊಬ್ಬ ಎಕ್ಸ್ ಚಕ್ರ ತಿರುಗಿಸೋದು, ಮೂರನೆಯವನು ವೈ ಚಕ್ರ. ಆಡಿಟ್‌ನಲ್ಲಿ ಒಬ್ಬರು ವೋಚರ್ ಓದ್ತಾರೆ, ಇನ್ನೊಬ್ಬರು ಟಿಕ್ ಹಾಕ್ತಾರಲ್ಲ, ಥೇಟ್ ಹಾಗೆ.

(2/4)
ಇಷ್ಟಾದ ಮೇಲೆ ಪಾರ್ಸನ್ಸ್‌ಗೆ ಅನ್ನಿಸಿದ್ದು ಇದು: ಕೂಗೋನೂ ಬೇಡ, ತಿರುಗಿಸೋರೂ ಬೇಡ, ನಂಬರನ್ನೇ ನೇರ ಮಷೀನಿಗೆ ಉಣಿಸಿದ್ರೆ? 1949ರಲ್ಲಿ ಅಮೆರಿಕದ ವಾಯುಪಡೆ ಇದಕ್ಕೆ ದುಡ್ಡು ಕೊಟ್ಟಿತು. ಮೋಟಾರುಗಳನ್ನು ಕರಾರುವಾಕ್ಕಾಗಿ ಓಡಿಸೋ ವಿದ್ಯೆ ತನ್ನಲ್ಲಿಲ್ಲ ಅಂತ ಅವನು ಎಂಐಟಿಯ ಸರ್ವೋಮೆಕ್ಯಾನಿಸಮ್ಸ್ ಪ್ರಯೋಗಾಲಯಕ್ಕೆ ಉಪಗುತ್ತಿಗೆ ಕೊಟ್ಟ. ಮುಂದಿನದ್ದು ನಮ್ಮ ಕಡೆಯ ಪಾಲುದಾರಿಕೆ ಜಗಳದ ಹಾಗೇ ಇದೆ. ಎಂಐಟಿ ನೇರವಾಗಿ ವಾಯುಪಡೆಯ ಜೊತೆಗೇ ಒಪ್ಪಂದ ಮಾಡಿಕೊಂಡಿತು, ಪಾರ್ಸನ್ಸ್ ಹೊರಗೆ. 1952ರ ಸೆಪ್ಟೆಂಬರ್‌ನಲ್ಲಿ ಎಂಐಟಿ ಮಷೀನನ್ನು ಜನರಿಗೆ ತೋರಿಸಿತು. ಸಿನ್ಸಿನಾಟಿ ಕಂಪನಿಯ ಒಂದು ಮಿಲ್ಲಿಂಗ್ ಮಷೀನು, ಅದನ್ನು ಓಡಿಸೋಕೆ ತೂತು ಹೊಡೆದ ಕಾಗದದ ಟೇಪು, ಜೊತೆಗೆ ಮಷೀನಿಗಿಂತ ಹೆಚ್ಚು ಜಾಗ ತಿನ್ನೋ ವ್ಯಾಕ್ಯೂಮ್ ಟ್ಯೂಬುಗಳ ಕಪಾಟುಗಳು. ಅದೇ ವರ್ಷ ಪಾರ್ಸನ್ಸ್ ಪೇಟೆಂಟ್‌ಗೆ ಅರ್ಜಿ ಹಾಕಿದ್ದ. ಅದು ಕೈಗೆ ಬಂದದ್ದು 1958ರ ಜನವರಿಯಲ್ಲಿ.

1959ರಲ್ಲಿ ಎಂಐಟಿಯವರು ಪತ್ರಕರ್ತರನ್ನು ಕರೆದು ಅಲ್ಯೂಮಿನಿಯಂ ಆಶ್‌ಟ್ರೇ ಹಂಚಿದರು. ಡಗ್ಲಾಸ್ ರಾಸ್ ಮತ್ತವರ ತಂಡ ಮಾಡಿದ ಎಪಿಟಿ ಅನ್ನೋ ಭಾಷೆಯಲ್ಲಿ ಸೂಚನೆ ಬರೆದು ಕಡಿಸಿದ ಆಶ್‌ಟ್ರೇಗಳು ಅವು. ಹೆಲಿಕಾಪ್ಟರ್ ರೆಕ್ಕೆಯಿಂದ ಶುರುವಾಗಿ ಆಶ್‌ಟ್ರೇಗೆ ಬಂದು ನಿಂತಿತು ಅಂತ ನಗಬೇಡಿ. ನಾನು ಮೊದಲು ಕೆತ್ತಿದ್ದು ಕೀ ಬಂಚು.

(3/4)
ಇಲ್ಲೊಂದು ಕವಲು ದಾರಿ ಇತ್ತು. ನನಗೆ ಇಡೀ ಕಥೆಯಲ್ಲಿ ತಲೆಗೆ ಹೊಕ್ಕಿದ್ದು ಇದೇ.

ಅದೇ ಕಾಲದಲ್ಲಿ ಜನರಲ್ ಎಲೆಕ್ಟ್ರಿಕ್ ಕಂಪನಿ ಇನ್ನೊಂದು ವಿಧಾನ ಮಾಡಿತ್ತು. ನುರಿತ ಕೆಲಸಗಾರ ಒಂದು ಸಲ ತನ್ನ ಕೈಯಿಂದಲೇ ತುಂಡು ಕಡಿಯಬೇಕು. ಅವನ ಕೈಚಲನೆ ಮ್ಯಾಗ್ನೆಟಿಕ್ ಟೇಪಿನಲ್ಲಿ ರೆಕಾರ್ಡ್ ಆಗುತ್ತೆ. ಆಮೇಲೆ ಟೇಪ್ ಹಾಕಿದ್ರೆ ಮಷೀನು ಅದನ್ನೇ ಮತ್ತೆ ಮತ್ತೆ ಮಾಡುತ್ತೆ. ಹಾಡು ರೆಕಾರ್ಡ್ ಮಾಡಿದ ಹಾಗೆ. ಈ ವಿಧಾನ ಹಬ್ಬಲಿಲ್ಲ, ಎಂಐಟಿಯದ್ದು ಹಬ್ಬಿತು. ಯಾಕೆ? ಡೇವಿಡ್ ನೋಬಲ್ ಎಂಬ ಇತಿಹಾಸಕಾರ 1984ರ ತನ್ನ ಪುಸ್ತಕದಲ್ಲಿ ವಾದಿಸೋದು ಏನಂದ್ರೆ, ರೆಕಾರ್ಡಿಂಗ್‌ನಲ್ಲಿ ವಿದ್ಯೆ ಕೆಲಸಗಾರನ ಹತ್ತಿರವೇ ಉಳಿಯುತ್ತಿತ್ತು, ಟೇಪಿಗೆ ನಂಬರ್ ಬರೆಯೋ ವಿಧಾನದಲ್ಲಿ ಅದು ಮೇಲಿನ ಆಫೀಸಿಗೆ ಹೋಗುತ್ತಿತ್ತು, ಮಾಲೀಕರಿಗೆ ಬೇಕಿದ್ದದ್ದು ಅದೇ.

ನಾನು ಪೂರ್ತಿ ಒಪ್ಪಲ್ಲ. ರೆಕ್ಕೆಯ 200 ಬಿಂದುಗಳನ್ನು ಯಾರ ಕೈಯೂ ರೆಕಾರ್ಡ್ ಮಾಡಿಕೊಡೋಕೆ ಆಗ್ತಿರಲಿಲ್ಲ, ಅಲ್ಲಿ ಲೆಕ್ಕವೇ ಬೇಕಿತ್ತು. ಮೇಲಾಗಿ ರೆಕಾರ್ಡ್ ಮಾಡಿಕೊಂಡ ಮೇಲೆ ಕೆಲಸಗಾರನನ್ನು ಇಟ್ಕೊಳ್ತಿದ್ರು ಅನ್ನೋಕೆ ಏನು ಗ್ಯಾರಂಟಿ? ಜನರಲ್ ಎಲೆಕ್ಟ್ರಿಕ್‌ನಲ್ಲಿ ಕೆಲಸ ಮಾಡಿದ್ದ ಕರ್ಟ್ ವಾನೆಗಟ್ 1952ರಲ್ಲಿ ಬರೆದ 'ಪ್ಲೇಯರ್ ಪಿಯಾನೊ' ಕಾದಂಬರಿಯಲ್ಲಿ ಒಬ್ಬ ಲೇತ್ ಕೆಲಸಗಾರನ ಕೈಚಳಕವನ್ನು ಹೀಗೇ ಟೇಪಿಗೆ ಇಳಿಸಿಕೊಳ್ತಾರೆ. ಆಮೇಲೆ ಅವನ ಅಗತ್ಯವೇ ಇರಲ್ಲ.

ಇದನ್ನೆಲ್ಲ ದೊಡ್ಡಪ್ಪನಿಗೆ ಹೇಳಿದೆ. ಅವರು ಪೀಣ್ಯದ ಒಂದು ವರ್ಕ್‌ಶಾಪಿನಲ್ಲಿ 22 ವರ್ಷ ಟರ್ನರ್ ಆಗಿದ್ದವರು. ಸಿಎನ್‌ಸಿ ಬಂದಾಗ ಅವರನ್ನು ಲೇತ್‌ನಿಂದ ತೆಗೆದು ಪೀಸ್ ಹಾಕೋದು, ತೆಗೆಯೋದು ಮಾಡೋಕೆ ನಿಲ್ಲಿಸಿದ್ರಂತೆ. "ಟೇಪೂ ಇಲ್ಲ, ಪುಸ್ತಕಾನೂ ಇಲ್ಲ. ನನ್ನನ್ನ ಯಾರೂ ಏನೂ ಕೇಳಲೇ ಇಲ್ಲ ಕಣೋ" ಅಂದ್ರು, ಅಷ್ಟೇ. ಕಾಫಿ ಲೋಟ ಎತ್ಕೊಂಡು ಒಳಗೆ ಹೋದ್ರು.

(4/4)
ಈಗ ನಮ್ಮನೆಗೆ ಬರೋಣ. ಆ ಕಪಾಟುಗಳು ಟೇಬಲ್ ಮೇಲಿನ ಬೋರ್ಡ್ ಆದದ್ದು ಹೇಗೆ ಅಂದ್ರೆ, 2005ರಲ್ಲಿ ಇಟಲಿಯಲ್ಲಿ ಆರ್ಡುಯಿನೋ ಬಂತು. 2009ರಲ್ಲಿ ನಾರ್ವೆಯ ಸಿಮೆನ್ ಸ್ಕೋಗ್‌ಸ್ರುಡ್ ಅದರಲ್ಲೇ ಓಡುವಂಥ ಜಿಆರ್‌ಬಿಎಲ್ ಅನ್ನೋ ಪ್ರೋಗ್ರಾಂ ಬರೆದು ಎಲ್ಲರಿಗೂ ಬಿಟ್ಟುಕೊಟ್ಟ. ನಾನು ಸೆಕೆಂಡ್ ಹ್ಯಾಂಡ್ ತಗೊಂಡಿರೋ 3018ರಲ್ಲಿ ಇರೋದು ಅದೇ. ಹೆಸರಲ್ಲೇ ಅಳತೆ ಇದೆ: 300 ಮಿ.ಮೀ. ಉದ್ದ, 180 ಮಿ.ಮೀ. ಅಗಲ.

ಮಷೀನ್ ಜೋಡಿಸಿದ ಮೇಲೆ ಮೊದಲು ಮಾಡಬೇಕಾದ್ದು ಲೆಕ್ಕ. ಮೋಟಾರು ಒಂದು ಸುತ್ತಿಗೆ 200 ಹೆಜ್ಜೆ ಇಡುತ್ತೆ. ಡ್ರೈವರ್ ಒಂದೊಂದು ಹೆಜ್ಜೆಯನ್ನೂ 16 ಭಾಗ ಮಾಡುತ್ತೆ, ಅಲ್ಲಿಗೆ 3200. ಒಂದು ಸುತ್ತಿಗೆ ಸ್ಕ್ರೂ ಮುಂದೆ ತಳ್ಳೋದು 4 ಮಿ.ಮೀ. ಅಂದ್ರೆ ಮಿಲಿಮೀಟರಿಗೆ 800 ಹೆಜ್ಜೆ. ಈ ನಂಬರ್ ತಪ್ಪಿದ್ರೆ 50 ಮಿ.ಮೀ. ಚೌಕ ಕೇಳಿದಾಗ ಇನ್ನೇನೋ ಬರುತ್ತೆ. ನಿಮ್ಮ ಮಷೀನಿನ ಸ್ಕ್ರೂ ಬೇರೆ ಇರಬಹುದು, ಅಳೆದು ನೋಡಿ.

ಎಂಐಟಿ ಮಷೀನಿಗೂ ನನ್ನದಕ್ಕೂ ಒಂದು ದೊಡ್ಡ ವ್ಯತ್ಯಾಸ ಇದೆ. ಅದು ತಾನು ನಿಜವಾಗಿ ಎಲ್ಲಿದ್ದೀನಿ ಅಂತ ಅಳೆದುಕೊಂಡು ತಿದ್ದಿಕೊಳ್ತಿತ್ತು. ನನ್ನದಕ್ಕೆ ಆ ಭಾಗ್ಯ ಇಲ್ಲ. ಬರೀ ಹೆಜ್ಜೆ ಎಣಿಸುತ್ತೆ, ಎಣಿಸಿದಷ್ಟು ಹೋಗಿದ್ದೀನಿ ಅಂತ ನಂಬಿಕೊಳ್ಳುತ್ತೆ. ಪುಸ್ತಕದಲ್ಲಿ ಸ್ಟಾಕ್ ಸರಿ, ಗೋಡೌನ್‌ನಲ್ಲಿ ಮಾಲೇ ಇಲ್ಲ, ಆ ಥರ.

ಅಮ್ಮನಿಗೆ ಅಂತ ತೇಗದ ನೇಮ್ ಬೋರ್ಡ್ ಕೆತ್ತೋಕೆ ಹೊರಟೆ. ಅವಸರಕ್ಕೆ ಒಂದೇ ಸಲಕ್ಕೆ 3 ಮಿ.ಮೀ. ಆಳ ಕೊಟ್ಟೆ. ಲ್ಯಾಪ್‌ಟಾಪ್ ಸ್ಕ್ರೀನ್ ಮೇಲೆ ಗೆರೆ ಚೆನ್ನಾಗೇ ಓಡ್ತಿತ್ತು. ಪಕ್ಕದ ರೂಮಲ್ಲಿ ಟಿವಿ ನೋಡ್ತಿದ್ದ ದೊಡ್ಡಪ್ಪ ಅಲ್ಲಿಂದಲೇ ಕೂಗಿದ್ರು, "ಲೋ, ನಿಲ್ಸು! ಹೆಜ್ಜೆ ತಪ್ತು!" ನಾನು ಸ್ಕ್ರೀನ್ ನಂಬಿದೆ, ನಿಲ್ಲಿಸಲಿಲ್ಲ. ಮುಗಿದ ಮೇಲೆ ನೋಡಿದ್ರೆ ಮೊದಲೆರಡು ಅಕ್ಷರ ಒಂದು ಕಡೆ, ಉಳಿದದ್ದು 4 ಮಿ.ಮೀ. ಪಕ್ಕಕ್ಕೆ (ಫೋಟೋ 2). ಆ ತುಂಡನ್ನ ಎಸೆದಿಲ್ಲ.

ಟಿವಿ ಆಫ್ ಮಾಡಿ ಬಂದ್ರು. ಒಂದು ಚೂರು ಹಲಗೆ ಕಟ್ಟಿಸಿ, ಆಳ ಕಮ್ಮಿ ಮಾಡಿಸ್ತಾ ಹೋದ್ರು, ಕಣ್ಣು ಮುಚ್ಕೊಂಡು ಕೇಳ್ತಾ. 0.5ಕ್ಕೆ ಬಂದಾಗ "ಹೂಂ, ಈಗ ಹಾಡ್ತಿದೆ" ಅಂದ್ರು. ಮಷೀನಿನ ಹಿಂದಿನ ಗೋಡೆಗೆ ಹಾಳೆ ಅಂಟಿಸಿ ಪೆನ್ಸಿಲ್‌ನಲ್ಲಿ ಬರೆದಿದ್ದಾರೆ (ಫೋಟೋ 3): ತೇಗ 0.5, ಪೈನ್ 1. ಎಂಡಿಎಫ್ ಎದುರಿಗೆ ಏನೂ ಬರೆದಿಲ್ಲ. ಕೇಳಿದ್ದಕ್ಕೆ, "ಅದನ್ನ ನೀನೇ ಕೇಳಿಸ್ಕೊಂಡು ತುಂಬು" ಅಂದ್ರು. ಭಾನುವಾರ ಎಂಡಿಎಫ್ ತರ್ತೀನಿ. ಮಾಸ್ಕ್ ಹಾಕ್ಕೊಳ್ಳದೆ ಅದರ ಹತ್ರ ಹೋಗಬೇಡಿ, ಧೂಳು ಕೆಟ್ಟದ್ದು.