ಸುವರ್ಣ ತ್ರಿಭುಜ ಮುಳುಗಿದುದು ಹೇಗೆ?

ನೌಕೆಯೊಂದು ಮುಳುಗಿತೆಂದರೆ ಎರಡು ಪ್ರಶ್ನೆಗಳು ಏಳುತ್ತವೆ: ಎಲ್ಲಿ ಮುಳುಗಿತು? ಹೇಗೆ ಮುಳುಗಿತು? ಮೊದಲನೆಯದಕ್ಕೆ ದೊರೆತ ಉತ್ತರವನ್ನೇ ಎರಡನೆಯದಕ್ಕೂ ಸಾಕೆಂದು ಭಾವಿಸುವುದು ಸುಲಭ. ಕಡಲಿಗೆ ಬಹುದೂರದಲ್ಲಿ, ಜಯನಗರ ಬನಶಂಕರಿಗಳಲ್ಲಿ ವಾಸಿಸುವ ನಮಗೂ ಈ ವಿವೇಚನೆ ಅಗತ್ಯವೆಂಬುದಕ್ಕೆ ಮಲ್ಪೆಯ ‘ಸುವರ್ಣ ತ್ರಿಭುಜ’ವು ನಿದರ್ಶನವಾಗಿದೆ.

ಈ ಯಾಂತ್ರಿಕ ದೋಣಿಯು 2018ರ ಡಿಸೆಂಬರ್ 13ರಂದು ಏಳು ಮಂದಿ ಮೀನುಗಾರರೊಡನೆ ಮಲ್ಪೆ ಬಂದರನ್ನು ಬಿಟ್ಟಿತು. ಎರಡು ದಿನಗಳ ತರುವಾಯ, ಮಹಾರಾಷ್ಟ್ರದ ಸಿಂಧುದುರ್ಗದ ಕಡೆಯ ಸಮುದ್ರದಲ್ಲಿದ್ದಾಗ, ಅದರ ಸಂಪರ್ಕವು ಕಡಿದುಹೋಯಿತು. ಯಾರೋ ಅಪಹರಿಸಿರಬೇಕೆಂಬ ಊಹೆ ಹುಟ್ಟಿತು. ಅದಕ್ಕೆ ಸಾಕ್ಷ್ಯವಿರಲಿಲ್ಲ, ಆದರೆ ಅಪಹೃತರು ಹಿಂದಿರುಗಬಹುದು, ಮುಳುಗಿದವರು ಹಿಂದಿರುಗಲಾರರು. ಮನೆಮಂದಿ ಆ ಊಹೆಯನ್ನು ನೆಚ್ಚಿದುದರಲ್ಲಿ ಆಶ್ಚರ್ಯವೇನು? 2019ರ ಜನವರಿ 6ರಂದು ಸಹಸ್ರಾರು ಮೀನುಗಾರರು ಉಡುಪಿಯಲ್ಲಿ ಹೆದ್ದಾರಿಯನ್ನು ತಡೆದು, ಶೋಧವು ಚುರುಕಾಗಬೇಕೆಂದು ಒತ್ತಾಯಿಸಿದರು.

ಮೇ 1ರಂದು ನೌಕಾದಳದ ‘ನಿರೀಕ್ಷಕ’ ಹಡಗು ಮಾಲ್ವಣದ ತೀರದಿಂದ ಸುಮಾರು 33 ಕಿಲೋಮೀಟರು ದೂರದಲ್ಲಿ, 60 ಮೀಟರು ಆಳದಲ್ಲಿ ದೋಣಿಯ ಅವಶೇಷವನ್ನು ಕಂಡುಹಿಡಿಯಿತು. ಅಪಹರಣದ ವಾದವು ಅಲ್ಲಿಗೆ ಬಿದ್ದುಹೋಯಿತು.

ಉಳಿದುದು ಡಿಕ್ಕಿಯ ವಾದ. ಅದೇ ದಿನಗಳಲ್ಲಿ ಅದೇ ಕಡಲಿನಲ್ಲಿದ್ದ ‘ಕೊಚ್ಚಿ’ ಯುದ್ಧನೌಕೆಯ ತಳಕ್ಕೆ ಹಾನಿ ತಗುಲಿತ್ತೆಂಬ ವರದಿಯುಂಟು. ಕಾಲದೇಶಗಳ ಈ ಹೊಂದಿಕೆ ಅಲಕ್ಷ್ಯಕ್ಕೆ ಅರ್ಹವಲ್ಲ. ಆದರೆ ಹೊಂದಿಕೆಯೇ ನಿರ್ಣಯವಲ್ಲ. ದೋಣಿಯಿಂದ ಅಪಾಯದ ಕರೆ ಬಾರದಿದ್ದುದು ಹಠಾತ್ತಾದ ಡಿಕ್ಕಿಯನ್ನು ಸೂಚಿಸಬಹುದು; ಎಳೆಬಲೆಯು ತಳದ ಬಂಡೆಗೆ ಸಿಕ್ಕಿ ದೋಣಿ ಮಗುಚಿದರೂ ಕರೆಯಲು ಸಮಯವಿರದು. ಮೌನವು ಎರಡಕ್ಕೂ ಒಪ್ಪುತ್ತದೆ. ಎರಡನ್ನೂ ಬೇರ್ಪಡಿಸಬಲ್ಲವು ಒಡಲಿನ ಗಾಯದ ಎತ್ತರ, ಅದರ ದಿಕ್ಕು, ಅಂಟಿದ ಬಣ್ಣ ಮೊದಲಾದ ಗುರುತುಗಳು ಮಾತ್ರ.

ಟೈಟಾನಿಕ್ ಹಡಗಿನ ಕಥೆ ಇಲ್ಲಿ ನೆನೆಯತಕ್ಕದ್ದು. 1912ರಲ್ಲಿ ಅದು ಎರಡಾಗಿ ಮುರಿಯಿತೆಂದು ಬದುಕಿ ಬಂದ ಹಲವರು ಸಾಕ್ಷ್ಯ ನುಡಿದರು. ವಿಚಾರಣಾ ಮಂಡಲಿಯು ಹಡಗು ಇಡಿಯಾಗಿಯೇ ಮುಳುಗಿತೆಂದಿತು. 1985ರಲ್ಲಿ ಅವಶೇಷವು ಎರಡು ತುಂಡಾಗಿ ದೊರೆತಾಗ ಸಾಕ್ಷಿಗಳ ಮಾತೇ ನಿಜವಾಯಿತು. ಅಲ್ಲಿ ಮಾತನಾಡಲು ಏಳುನೂರಕ್ಕೂ ಮಿಕ್ಕಿ ಜನರು ಉಳಿದಿದ್ದರು. ಸುವರ್ಣ ತ್ರಿಭುಜದಲ್ಲಿ ಒಬ್ಬರೂ ಉಳಿಯಲಿಲ್ಲ.

ಆದುದರಿಂದ ಇಲ್ಲಿ ಅವಶೇಷವೇ ಸಾಕ್ಷಿ. ಅದನ್ನು ಪರೀಕ್ಷಿಸುವವರು ಯಾವ ಪಕ್ಷಕ್ಕೂ ಸೇರದವರಾಗಿರಬೇಕು; ಕಂಡುದನ್ನು ಆ ಏಳು ಮನೆಗಳ ಮುಂದೆ ಬಿಚ್ಚಿಡಬೇಕು. ಪರಿಹಾರದ ಹಣವು ಸಂಸಾರಕ್ಕೆ ಆಧಾರವಾದೀತು. ಹೇಗೆ ಸತ್ತರೆಂಬ ಪ್ರಶ್ನೆಗೆ ಉತ್ತರವಾಗದು.